ಯಜಮಾನರ ಹೆಸರು

ಎದೆಬಡಿತ ಲಯ ತಪ್ಪಿದ ಮುದುಕಿಯನ್ನು ಮಗ ತಪಾಸಣೆಗೆ ಕರೆತಂದಿದ್ದ. ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವಾ ಹೊಡೆಯುತ್ತದೆ, ಮಾತು ನಿಂತರೆ ತಡ ಮಾಡಬೇಡಿ ಎಂದು ಡಾಕ್ಟರು ಹಿಂದೆಯೇ ಎಚ್ಚರಿಸಿದ್ದರು. ಆಸ್ಪತ್ರೆಯ ಬಾಗಿಲವರೆಗೂ ಅವಳು ಮಾತಾಡುತ್ತಲೇ ಬಂದಳು.

ಚೀಟಿ ಬರೆಯುವ ನರ್ಸ್ ಕೇಳಿದಳು: “ಯಜಮಾನ್ರ ಹೆಸರ ಹೇಳ್ರಿ ಅಮ್ಮಾ.”

ಮುದುಕಿ ತಲೆ ತಗ್ಗಿಸಿ ಸುಮ್ಮನಾದಳು.

ಮಗ ನಕ್ಕ. “ಐವತ್ತ ವರ್ಷದಾಗ ಅಪ್ಪನ ಹೆಸರ ಒಂದ ಸಲಾನೂ ಬಾಯಿಗೆ ತಂದಾಕಿ ಅಲ್ರಿ. ಗುರುಪಾದಪ್ಪ ಅಂತ ಬರ್ಕೋರಿ.”

“ಈಗಿನ ಕಾಲದಾಗೂ ಎಷ್ಟ ನಾಚಿಕಿ ನೋಡ್ರಿ,” ನರ್ಸೂ ನಕ್ಕಳು.

ಬೆಂಚಿನ ಮೇಲೆ ಮೂರು ತಾಸು ಕಾದರು. ತಾಯಿ ಭುಜಕ್ಕೆ ಒರಗಿದಾಗ, ನಿದ್ದೆ ಹತ್ತಿರಬೇಕೆಂದು ಮಗ ಅಲುಗಾಡದೆ ಕುಳಿತ.

ಒಳಗೆ ಡಾಕ್ಟರು ಕೇಳಿದರು: “ಅಮ್ಮಾ, ನಿಮ್ಮ ಹೆಸರೇನ್ರಿ?”

ಅವಳು ಅದನ್ನೂ ಹೇಳಲಿಲ್ಲ.