ಬೆಚ್ಚಗಿನ ಜೋಳ

ಬಿತ್ತನೆ ಜೋಳದ ಚೀಲದೊಳಗೆ ಮೊಳಕೈ ತನಕ ಕೈ ಇಳಿಸಿದ ರಾಚಪ್ಪ ಹಾಗೇ ನಿಂತುಬಿಟ್ಟ. ಒಳಗೆ ಕಾಳು ಬೆಚ್ಚಗಿತ್ತು, ಈಗಷ್ಟೇ ನಿದ್ದೆಯಿಂದ ಎದ್ದವರ ಮೈಯಂತೆ. ಸುಗ್ಗಿಯಲ್ಲಿ ಒಂದೊಂದೇ ತೆನೆ ಆರಿಸಿ ಈ ಚೀಲ ಕಟ್ಟಿಟ್ಟವಳು ಹೆಂಡತಿ ಗುರುಬಾಯಿ. ಅವಳು ಮಣ್ಣು ಸೇರಿದ ಮೇಲೆ ಕಂದಲಗಾಂವದ ಈ ಮನೆಯಲ್ಲಿ ಅವನ ಕೈಗೆ ಇಷ್ಟು ಬೆಚ್ಚಗೆ ಏನೂ ತಾಗಿರಲಿಲ್ಲ.

"ಏನ್ ಕಾಕಾ, ಚೀಲದಾಗ ಬಂಗಾರ ಸಿಕ್ಕೇತೇನ್ರಿ?" ಎನ್ನುತ್ತ, ಕೃಷಿ ಕಾಲೇಜಿನಲ್ಲಿ ಓದುವ ಅಣ್ಣನ ಮಗಳು ಸ್ನೇಹಲ ತಾನೂ ಕೈ ಹಾಕಿದಳು. ಅವಳ ನಗು ಹೋಯಿತು. "ಅಯ್ಯ, ಮಾಳಿಗಿ ಸೋರಿ ಕಾಳು ತೇವ ಕುಡದಾವ! ಕಾಳಿಗೂ ಜೀವ ಐತಿ ಕಾಕಾ. ತೇವ ತಾಗಿದ್ರ ಉಸಿರಾಟ ಜೋರಾಗ್ತದ. ಮೊಳಕಿ ಸಲುವಾಗಿ ಒಳಗ ಕೂಡಿಟ್ಟ ಹಿಟ್ಟು ತಾವಽ ಸುಟ್ಟುಕೊಂತಾವ. ಅದರ ಬಿಸಿ ಇದು. ಹಿಂಗ ಬಿಟ್ರ ಒಂದೂ ಹುಟ್ಟಂಗಿಲ್ಲ. ಪಟಕನ ಹರವೂಣ್ರಿ."

"ಹರವಿದ್ರ?"

"ತಣ್ಣಗಾಗ್ತಾವ. ತಣ್ಣಗಾದ್ರನಽ ಉಳಿತಾವ."

ರಾಚಪ್ಪ ಕಣ್ಣು ಮುಚ್ಚಿ, ಒಳಗೇ ಮುಷ್ಟಿ ತುಂಬ ಕಾಳು ಹಿಡಿದು ಒಂದು ಗಳಿಗೆ ನಿಂತ. ಆಮೇಲೆ "ಶಿವನೇ" ಎಂದು ಚೀಲವನ್ನು ತಾನೇ ಎತ್ತಿ ಪಡಸಾಲೆಯಲ್ಲಿ ಹಾಸಿದ್ದ ತಾಡಪತ್ರಿಯ ಮೇಲೆ ಸುರಿದ. ಸ್ನೇಹಲ ಫ್ಯಾನು ಹಾಕಿದಳು. ಅವನು ಹರವುತ್ತ ಹೋದಂತೆ ಅಂಗೈ ಕೆಳಗಿನ ಬಿಸಿ ಆರುತ್ತ ಹೋಯಿತು. ಕೊನೆಗೆ ನಡುವೆ ಬೊಗಸೆಯಷ್ಟು ಕಾಳು ಮಾತ್ರ ಗುಡ್ಡೆಯಾಗಿ ಉಳಿಯಿತು. ಅವನ ಎರಡೂ ಕೈ ಅದರ ಮೇಲೆಯೇ ಇದ್ದವು.

"ಅದನ್ನೂ ಹರವ್ರಿ, ಕಾಕಾ."

"ಹೂನವ್ವಾ," ಎಂದ ರಾಚಪ್ಪ, ಅವಳ ಮುಖ ನೋಡದೆ ಅದನ್ನೂ ಹರವಿದ.