ಮುಟ್ಟದ ವಜೀರ

ರೇವಣಸಿದ್ಧ ತನ್ನ ವಜೀರನನ್ನು ಸುಗಂಧಾಳ ಒಂಟೆಯ ಬಾಯಿಗೆ ತಂದು ನಿಲ್ಲಿಸಿ ಕೈ ತೆಗೆದ.

ಉಮರ್ಗಾದ ಶಾಲೆಯ ಸಭಾಂಗಣದಲ್ಲಿ ಗುಸುಗುಸು ಎದ್ದಿತು. ಮಕ್ಕಳ ಚೆಸ್ ಪಂದ್ಯದ ಕೊನೆಯ ಆಟ. ವಜೀರನನ್ನು ಯಾರಾದರೂ ಹೀಗೆ ಬಿಟ್ಟುಕೊಡುತ್ತಾರೆಯೇ?

"ಬಲಿ ಕೊಡ್ಲತ್ತಾನ," ಎಂದರು ಬಟ್ಟೆ ಅಂಗಡಿಯ ವಿಶ್ವನಾಥಪ್ಪ. ಬಹುಮಾನಗಳನ್ನು ಕೊಟ್ಟವರು ಅವರೇ. "ಇದರ ಹಿಂದ ದೊಡ್ಡ ಡಾವ ಅದ, ನೋಡ್ತಿರ್ರಿ."

ಲೋಹಾರಾದ ಸುಗಂಧಾ ಕೂಡ ಹಾಗೇ ಎಣಿಸಿದಳೇನೋ. ವಜೀರನನ್ನು ಮುಟ್ಟದೆ ಮೂಲೆಯ ಪ್ಯಾದೆಯೊಂದನ್ನು ಸರಿಸಿದಳು.

ರೇವಣಸಿದ್ಧ ತಲೆಯೆತ್ತಿ ಅವಳನ್ನು ನೋಡಿದ. ಹುಡುಗಿ ಚಾಲಾಕಿ.

ತಮ್ಮೂರು ತುರೋರಿಯಿಂದ ಹೊರಡುವಾಗ ತಾಯಿ ಕುಸುಮಬಾಯಿ ಹೇಳಿದ್ದಳು: "ಆ ಬಹುಮಾನ ಕೈಗಿ ಬರೋತನ ನಾ ತುತ್ತ ಮುಟ್ಟಂಗಿಲ್ಲ, ಯಪ್ಪಾ." ಮಾತಿಗೆ ತಪ್ಪುವ ಹೆಂಗಸಲ್ಲ. ಲಿಂಗಪೂಜೆಯಾಗದೆ ಗುಟುಕು ನೀರನ್ನೂ ಕುಡಿಯದವಳು. ಈ ಬರದಲ್ಲಿ ಟ್ಯಾಂಕರ್ ಬಾರದ ದಿನ ಮೊದಲ ಚೊಂಬು ಲಿಂಗಕ್ಕೆ, ಉಳಿದದ್ದು ಮಗನಿಗೆ. ಈಗ ಹಿಂದಿನ ಸಾಲಿನಲ್ಲಿ ಕೂತು ಎದೆಯ ಮೇಲಿನ ಲಿಂಗವನ್ನು ಗಟ್ಟಿಯಾಗಿ ಹಿಡಿದಿದ್ದಳು.

ಎದುರಿನ ಮೇಜಿನ ಮೇಲೆ ಫಳಫಳಿಸುವ ಕಪ್. ಮೇಜಿನ ಹಿಂದೆ ನೀರು ತುಂಬಿಡುವ ಕರಿಯ ಪ್ಲಾಸ್ಟಿಕ್ ಟಾಕಿ. ಯಾರೋ ಅದಕ್ಕೂ ಹಾರ ಹಾಕಿದ್ದರು.

ಸುಗಂಧಾ ತನ್ನ ಕುದುರೆಯನ್ನು ಅವನ ಪ್ಯಾದೆಯ ಎದುರಿಗೆ ಒಡ್ಡಿದಳು. ಅವನೂ ಮುಟ್ಟಲಿಲ್ಲ.

"ಹೊಡಿಯೋ," ಎಂದಳು ಮೆಲ್ಲಗೆ.

"ನೀ ಯಾಕ ವಜೀರಗ ಹೊಡ್ಯಂಗಿಲ್ಲ?"

"ನಮ್ಮ ಮನ್ಯಾಗ ಆರು ಮಂದಿ ಅದೀವಿ."

"ನಮ್ಮಲ್ಲಿ ಎಮ್ಮಿನೂ ಅದ."

"ಮಾತಾಡಬ್ಯಾಡ್ರಿ!" ಪಂಚರಾಗಿ ಕೂತ ದತ್ತಾತ್ರಿ ಗುರುಗಳು ಗದರಿದರು. "ಮೊದಲೇ ಹೇಳೀನಿ, ನಡುವ ಕೈಬಿಟ್ಟು ಏಳಂಗಿಲ್ಲ. ರಾಜಗ ಮಾತ್ ಆಗೋತನ ಆಡ್ಬೇಕು."

ಸುಗಂಧಾ ಬಹಳ ಹೊತ್ತು ಮಣೆ ನೋಡಿದಳು. ಆಮೇಲೆ ತನ್ನ ಆನೆಯನ್ನು ದೂರದಿಂದ ಅವನ ರಾಜನ ನೇರಕ್ಕೆ ನೂಕಿದಳು.

"ರಾಜಗ ಶಹ."

ರಾಜನಿಗೆ ಓಡಲು ಮನೆಯಿಲ್ಲ. ಆ ಆನೆಯನ್ನು ವಜೀರನಿಂದ ಹೊಡೆಯುವುದೊಂದೇ ದಾರಿ. ಹೊಡೆದರೆ ಅವಳ ರಾಜನಿಗೆ ಅಲ್ಲೇ ಮಾತ್.

ರೇವಣಸಿದ್ಧ ಬೇರೆ ದಾರಿ ಹುಡುಕಿದ. ಇರಲಿಲ್ಲ. ಹೊಡೆದ.

ಚಪ್ಪಾಳೆ ಬಿದ್ದವು. ವಿಶ್ವನಾಥಪ್ಪ ಕಪ್ಪನ್ನು ಅವನ ಕೈಗಿಟ್ಟು ಬೆನ್ನು ತಟ್ಟಿದರು. ಹುಡುಗ ಬಿಕ್ಕಿಬಿಕ್ಕಿ ಅತ್ತ. ಖುಷಿಗೆ ಅಳ್ತಾನ ಎಂದರು ಜನ.

ಎರಡನೆಯ ಬಹುಮಾನವನ್ನು ಸುಗಂಧಾಳ ಅಪ್ಪ ಆಗಲೇ ಹೊರಗೆ ಉರುಳಿಸಿಕೊಂಡು ಹೋಗಿ, ಹಾರದ ಸಮೇತ, ಟಂಟಂ ರಿಕ್ಷಾದ ಮೇಲೆ ಹಗ್ಗದಿಂದ ಬಿಗಿಯುತ್ತಿದ್ದ.

ಕುಸುಮಬಾಯಿ ಕಪ್ಪಿನೊಳಗೆ ಇಣುಕಿ ನೋಡಿದಳು. "ಲಿಂಗದ ಮಜ್ಜನಕ್ಕ ಸಾಕಾಗ್ತದ," ಎಂದಳು. "ನಮಗ?"