ನಡುವಿನ ಬಾಗಿಲು

"ಎಷ್ಟು ಬಡದರೂ ನಡುವಿನ ಬಾಗಿಲಾ ತಗೀಲಿಲ್ಲ ಕಾಕಾ. ಅಂವ ತನ್ನ ಕಡಿಂದ ಚಿಲಕ ಹಾಕ್ಕೊಂಡಿದ್ದ. ಬೆಂಕ್ಯಾಗ ಗಾಬರಿಯಾಗಿ ತಗಿಯೂದು ಮರತಿರಬೇಕು."

ಮಗನ ಹೆಣದ ಜೊತೆ ಬಂದ ಅವನ ಗೆಳೆಯ ಅಂದು ಮುದುಕನಿಗೆ ಹೇಳಿದ್ದು ಇಷ್ಟೇ. ಯುದ್ಧವಾಹನ ಓಡಿಸುತ್ತಿದ್ದವನು ಈ ಗೆಳೆಯ. ಅವನ ಬೆನ್ನ ಹಿಂದಿನ ಗೂಡಿನಲ್ಲಿ ಕೂರುತ್ತಿದ್ದವನು ಮಗ. ಆ ಗೂಡಿನಿಂದ ಹೊರಬರಲು ನಡುವಿನ ಬಾಗಿಲೊಂದೇ ದಾರಿ.

ಮರುವರ್ಷ ಮುದುಕ ಅಂಥದೇ ವಾಹನದ ಅಂಗೈಯಗಲದ ಮಾದರಿಯೊಂದನ್ನು ತರಿಸಿದ. ಹೊರಗೆ ಎಲ್ಲವೂ ಇತ್ತು, ಒಳಗೆ ಬರೀ ಟೊಳ್ಳು. ಮಗ ಕೂತ ಜಾಗ ನೋಡಲೇಬೇಕೆಂದು ಒಳಭಾಗವನ್ನು ತಾನೇ ಮಾಡತೊಡಗಿದ. ಗೆಳೆಯ ಪ್ರತಿ ರವಿವಾರ ಬಂದು ತಿದ್ದುತ್ತಿದ್ದ. ಕೂದಲೆಳೆಯಷ್ಟು ತಪ್ಪಿದರೂ ಅವನು ಸಿಡುಕುತ್ತಿದ್ದ.

"ಸೀಟು ಇನ್ನೂ ಸಣ್ಣದಿತ್ತು ಕಾಕಾ. ಮೊಣಕಾಲು ಎದಿಗೆ ಹತ್ತತಿದ್ದುವು."

ಮುದುಕ ಸೀಟು ಕಿತ್ತು, ಉಜ್ಜಿ ಸಣ್ಣದು ಮಾಡಿದ.

"ರೇಡಿಯೋ ಎಡಕ್ಕ. ಅದರ ವೈರು ಕೆಂಪು."

ಮುದುಕ ಹೊಲಿಗೆ ದಾರಕ್ಕೆ ಕೆಂಪು ಬಣ್ಣ ಹಚ್ಚಿದ.

ಎಂಟು ತಿಂಗಳಾದ ಮೇಲೆ ಉಳಿದದ್ದು ಎರಡು ಸೀಟುಗಳ ನಡುವಿನ ಬಾಗಿಲೊಂದೇ. ಮುದುಕ ಅದನ್ನು ನಿಲ್ಲಿಸಿದ. ಸಾಸಿವೆಯಷ್ಟು ತಗಡಿನ ಚಿಲಕವನ್ನು ಚಿಮಟಿಗೆಯಲ್ಲಿ ಹಿಡಿದು, ಅಂಟು ಹಚ್ಚಿ, ಮಗನ ಸೀಟಿನ ಕಡೆಗೆ ಕೂರಿಸಿದ.

"ಇಷ್ಟು ತಗೀಲಿಕ್ಕ ಆಗಲಿಲ್ಲೇನೋ ಹುಚ್ಚಾ ನಿನಗ?" ಎಂದು ಖಾಲಿ ಸೀಟನ್ನು ಬೈದ.

ಗೆಳೆಯ ಭೂತಗನ್ನಡಿ ಹಿಡಿದು ಬಾಗಿ ನೋಡಿದ. ನೋಡಿದವನು ಎಂದಿನಂತೆ ಸಿಡುಕಿದ.

"ಮತ್ತ ತಪ್ಪು ಮಾಡಿದಿ ನೋಡು ಕಾಕಾ. ಆ ಕಡೆ ಚಿಲಕ ಎಲ್ಲಿತ್ತು? ಇದ್ದದ್ದು ಒಂದ, ಅದೂ ನನ್ನ ಕಡೆ."